ಡಿಎನ್‌ಎ ನೋಡಿ ಆರಿಸುವ ಗೋಧಿ, ಮತ್ತು ಅದಕ್ಕೆ ಬೇಕಾದ ಗದ್ದೆಗಳು

ಪ್ರಶ್ನೆ: ಉಡುಪಿಯಲ್ಲಿ ಸಣ್ಣ ಹೋಟೆಲ್ ನಡೆಸುತ್ತೇನೆ. ಮನೆಯಲ್ಲಿ ಸ್ವಲ್ಪ ಗದ್ದೆ ಇದೆ, ಎಂಒ 4 ಭತ್ತ ಬೆಳೆಯುತ್ತೇವೆ. ಗೋಧಿ ಹಿಟ್ಟು ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಒಮ್ಮೆ ನೀರು ಜಾಸ್ತಿ ಎಳೆಯುತ್ತದೆ, ಒಮ್ಮೆ ಚಪಾತಿ ಗಟ್ಟಿಯಾಗುತ್ತದೆ. ಈಗ ಡಿಎನ್‌ಎ ನೋಡಿಯೇ ಒಳ್ಳೆಯ ಗೋಧಿ ತಳಿ ಆರಿಸುತ್ತಾರೆ, ಅದಕ್ಕೆ ಜೀನೋಮಿಕ್ ಸೆಲೆಕ್ಷನ್ ಎನ್ನುತ್ತಾರೆ ಎಂದು ಓದಿದೆ. ಇದು ಕುಲಾಂತರಿಯೇ? ಬೆಳೆದು ನೋಡದೆ ಇಳುವರಿ ಹೇಗೆ ಗೊತ್ತಾಗುತ್ತದೆ? ಪ್ರತಿ ವರ್ಷ ಒಂದೇ ಥರ ಬರುವ ಗೋಧಿ ಇದರಿಂದ ಸಿಗುತ್ತದೆಯೇ? ನಮ್ಮ ಭತ್ತಕ್ಕೂ ಮಾಡಬಹುದಲ್ವಾ?

ಉತ್ತರ: ಕುಲಾಂತರಿಯ ವಿಷಯ ಮೊದಲು ಮುಗಿಸುತ್ತೇನೆ. ಇದು ಕುಲಾಂತರಿ ಅಲ್ಲ. ಹೊರಗಿನ ಜೀನ್ ಸೇರಿಸುವುದಿಲ್ಲ, ಇರುವ ಜೀನ್ ತಿದ್ದುವುದೂ ಇಲ್ಲ. ಒಂದು ತಳಿಯ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ತಾಗಿಸಿ ಸಂಕರ ಮಾಡುವ ಕೆಲಸ ಹಿಂದಿನಂತೆಯೇ ನಡೆಯುತ್ತದೆ. ಹುಟ್ಟಿದ ಸಸಿಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ತೀರ್ಮಾನಿಸುವಾಗ ಅವುಗಳ ಡಿಎನ್‌ಎ ಓದುತ್ತಾರೆ. ಕುಲಾಂತರಿ ಗೋಧಿ ಎಂಬುದು ಬೇರೆ ಇದೆ. ಸೂರ್ಯಕಾಂತಿಯ ಒಂದು ಜೀನ್ ಸೇರಿಸಿದ ಎಚ್‌ಬಿ4 ಗೋಧಿಗೆ ಅರ್ಜೆಂಟೀನಾ 2020ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ದೇಶದಲ್ಲಿ ಅಂಥ ಗೋಧಿ ಇಲ್ಲ. ಇಲ್ಲಿ ಸರ್ಕಾರದ ಒಪ್ಪಿಗೆಯಿಂದ ರೈತರ ಹೊಲಕ್ಕೆ ವ್ಯಾಪಾರಕ್ಕಾಗಿ ಬಂದ ಕುಲಾಂತರಿ ಬೆಳೆ ಬಿಟಿ ಹತ್ತಿ ಮಾತ್ರ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಬೆಳೆಯದೆ ಇಳುವರಿ ಹೇಗೆ ಗೊತ್ತಾಗುತ್ತದೆ? ಇದಕ್ಕೆ ಸ್ವಲ್ಪ ತಾಳ್ಮೆಯಿಂದ ಉತ್ತರಿಸಬೇಕು.

ತಳಿ ಬೆಳೆಸುವವರ ಕಷ್ಟ ಎಲ್ಲಿದೆ ನೋಡಿ. ಒಂದು ಸಂಕರದಿಂದ ಸಾವಿರಾರು ಸಸಿಗಳು ಹುಟ್ಟುತ್ತವೆ. ಒಂದೊಂದೂ ಬೇರೆ. ಗಿಡ ಎತ್ತರವೋ ಗಿಡ್ಡವೋ, ತುಕ್ಕು ರೋಗ ತಗುಲಿದೆಯೋ ಇಲ್ಲವೋ, ತೆನೆ ಬೇಗ ಬಂತೋ ತಡವಾಯಿತೋ, ಇವೆಲ್ಲ ಕಣ್ಣಿಗೆ ಕಾಣುತ್ತವೆ. ಇಳುವರಿ ಮಾತ್ರ ಒಂಟಿ ಗಿಡದಲ್ಲಿ ಕಾಣುವುದಿಲ್ಲ. ಸಾಲಿನ ಕೊನೆಯಲ್ಲಿ ನಿಂತು ಜಾಸ್ತಿ ಬಿಸಿಲು, ಜಾಸ್ತಿ ಗೊಬ್ಬರ ಸಿಕ್ಕಿದ ಗಿಡ ಸೊಗಸಾಗಿ ಕಾಣುತ್ತದೆ. ಅದರ ಮಕ್ಕಳು ಹಾಗಿರುವುದಿಲ್ಲ. ಇಳುವರಿ ತಿಳಿಯಬೇಕಾದರೆ ಅಳತೆಯ ತಾಕುಗಳಲ್ಲಿ, ಹಲವು ಊರುಗಳಲ್ಲಿ, ಹಲವು ವರ್ಷ ಬೆಳೆಯಬೇಕು. ಅಷ್ಟಕ್ಕೆ ಬೇಕಾದ ಬೀಜ ಒಂದು ಗಿಡದಿಂದ ಸಿಗುವುದೇ ಇಲ್ಲ. ಹಾಗಾಗಿ ನಾಲ್ಕೈದು ತಲೆಮಾರು ಕಣ್ಣಂದಾಜಿನಲ್ಲಿ ಆರಿಸುತ್ತಾ, ಗುಣ ಸ್ಥಿರವಾಗುವವರೆಗೆ ಕಾದು, ಉಳಿದ ಕೆಲವನ್ನು ಮಾತ್ರ ಪ್ರಯೋಗಕ್ಕೆ ಹಾಕುತ್ತಾರೆ. ಸಂಕರದಿಂದ ತಳಿ ಬಿಡುಗಡೆಗೆ ಹತ್ತು ವರ್ಷದ ಆಚೀಚೆ ಹಿಡಿಯುತ್ತದೆ. ಈ ದಾರಿಯಲ್ಲಿ, ಇಳುವರಿ ಅಳೆಯುವ ಮೊದಲೇ ಕೈಬಿಟ್ಟ ಗಿಡಗಳಲ್ಲಿ ಎಷ್ಟು ಒಳ್ಳೆಯವಿದ್ದವೋ ಯಾರಿಗೂ ತಿಳಿಯುವುದಿಲ್ಲ.

ಡಿಎನ್‌ಎ ನೋಡಿ ಆರಿಸುವುದು ಇದಕ್ಕಿಂತ ಮೊದಲೂ ಇತ್ತು, ಆದರೆ ಒಂದೆರಡು ದೊಡ್ಡ ಜೀನ್‌ಗಳಿಗೆ ಮಾತ್ರ. ಭತ್ತದಲ್ಲಿ ಸ್ವರ್ಣ ಸಬ್1 ತಳಿ ಹೀಗೆ ಬಂತು. ಒಡಿಶಾದ ಎಫ್‌ಆರ್ 13ಎ ಎಂಬ ಹಳೆಯ ತಳಿಯಲ್ಲಿ, ಸುಮಾರು ಎರಡು ವಾರ ನೆರೆನೀರಲ್ಲಿ ಮುಳುಗಿದರೂ ಗಿಡ ಬದುಕುವ ಗುಣವಿತ್ತು. ಆ ಗುಣದ ಜೀನನ್ನು, ಅದರ ಹತ್ತಿರದ ಡಿಎನ್‌ಎ ಗುರುತು, ಅಂದರೆ ಮಾರ್ಕರ್, ನೋಡಿಕೊಂಡು ಸಂಕರದ ಮೂಲಕವೇ ಸ್ವರ್ಣ ಎಂಬ ತಳಿಗೆ ತಂದರು. 2009ರಲ್ಲಿ ಅದು ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಗೋಧಿ ಗಿಡವನ್ನು ಗಿಡ್ಡ ಮಾಡಿ ಹಸಿರು ಕ್ರಾಂತಿಗೆ ದಾರಿ ಮಾಡಿದ ಜೀನ್‌ಗಳೂ ಇಂಥ ದೊಡ್ಡವೇ. ಜಪಾನಿನ ನೋರಿನ್ 10 ತಳಿಯಿಂದ ಬಂದವು ಅವು. ಇಳುವರಿ ಹಾಗಲ್ಲ. ಅದರ ಹಿಂದೆ ನೂರಾರು, ಬಹುಶಃ ಸಾವಿರಾರು ಜೀನ್‌ಗಳಿವೆ, ಒಂದೊಂದರ ಪಾಲು ಸಾಸಿವೆಯಷ್ಟು. ಒಂದೊಂದನ್ನೇ ಹುಡುಕಿ ಹಿಡಿಯಲು ಹೊರಟರೆ ಹೆಚ್ಚಿನವು ಲೆಕ್ಕಕ್ಕೇ ಸಿಗುವುದಿಲ್ಲ.

2001ರಲ್ಲಿ ಮ್ಯೂವಿಸ್ಸೆನ್, ಹೇಯ್ಸ್, ಗಾಡರ್ಡ್ ಎಂಬ ಮೂವರು ವಿಜ್ಞಾನಿಗಳು ಬೇರೆ ದಾರಿ ತೋರಿಸಿದರು. ಯಾವ ಜೀನ್ ಮುಖ್ಯ ಎಂದು ಹುಡುಕುವುದನ್ನು ಬಿಟ್ಟು, ಡಿಎನ್‌ಎ ಉದ್ದಕ್ಕೂ ಸಾವಿರಾರು ಗುರುತುಗಳನ್ನು ಓದಿ, ಪ್ರತಿ ಗುರುತಿಗೂ ಒಂದು ಸಣ್ಣ ಬೆಲೆ ಕಟ್ಟಬಹುದು ಎಂದರು. ಆ ಗುರುತುಗಳೇ ಮಾರ್ಕರ್‌ಗಳು. ಬೆಲೆ ಕಟ್ಟಬೇಕಾದರೆ ಮೊದಲು ಕೆಲವು ನೂರು ಅಥವಾ ಸಾವಿರ ಸಾಲುಗಳನ್ನು (ಒಂದೊಂದು ಗಿಡದಿಂದ ಬಂದು ಗುಣ ಸ್ಥಿರವಾದ ಸಂತತಿಗೆ ಸಾಲು ಎನ್ನುತ್ತಾರೆ) ನಿಜವಾಗಿ ಗದ್ದೆಯಲ್ಲಿ ಬೆಳೆದು ಇಳುವರಿ ಅಳೆಯಬೇಕು. ಇದಕ್ಕೆ ಟ್ರೇನಿಂಗ್ ಪಾಪ್ಯುಲೇಷನ್ ಎನ್ನುತ್ತಾರೆ. ಅವುಗಳ ಇಳುವರಿ ಮತ್ತು ಮಾರ್ಕರ್ ಎರಡನ್ನೂ ಕಂಪ್ಯೂಟರಿಗೆ ಕೊಟ್ಟರೆ ಪ್ರತಿ ಮಾರ್ಕರಿನ ಪಾಲು ಎಷ್ಟೆಂದು ಅಂದಾಜು ಸಿಗುತ್ತದೆ. ಆಮೇಲೆ ಹೊಸ ಸಸಿಯ ಒಂದು ಚೂರು ಎಲೆ ಸಾಕು. ಅದರ ಮಾರ್ಕರ್‌ಗಳನ್ನು ಓದಿ, ಬೆಲೆಗಳನ್ನು ಕೂಡಿಸಿದರೆ ಆ ಸಸಿಯ ಅಂಕ ಬರುತ್ತದೆ.

ಇದರಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಟ್ಟು ವಿವರಿಸಲು ನನಗೆ ಇಷ್ಟವಿಲ್ಲ. ಗದ್ದೆಯಲ್ಲಿ ಅಳೆದದ್ದು ಸಾವಿರ ಸಾಲು ಎಂದಿಟ್ಟುಕೊಳ್ಳಿ, ಓದಿದ ಮಾರ್ಕರ್ ಹತ್ತು ಸಾವಿರ. ಲೆಕ್ಕ ಸಾವಿರ, ಕಂಡುಹಿಡಿಯಬೇಕಾದ ಬೆಲೆ ಹತ್ತು ಸಾವಿರ. ಶಾಲೆಯ ಗಣಿತದಲ್ಲಿ ಇದಕ್ಕೆ ಒಂದೇ ಉತ್ತರ ಎಂಬುದಿಲ್ಲ. ಹಾಗಾಗಿ ಪ್ರತಿ ಮಾರ್ಕರಿನ ಬೆಲೆಯನ್ನೂ ಸೊನ್ನೆಯ ಕಡೆಗೆ ಸ್ವಲ್ಪ ಎಳೆದು ಹಿಡಿಯುತ್ತಾರೆ. ಗಟ್ಟಿ ಪುರಾವೆ ಇದ್ದರೆ ಮಾತ್ರ ಅದು ಸೊನ್ನೆಯಿಂದ ದೂರ ನಿಲ್ಲುತ್ತದೆ. ಹೀಗೆ ಬಂದದ್ದು ಅಂದಾಜು. ಒಂದೊಂದು ಬೆಲೆಯೂ ಸರಿ ಎಂದು ಯಾರೂ ಹೇಳುವುದಿಲ್ಲ. ಕೂಡಿಸಿದ ಮೊತ್ತ ಮಾತ್ರ ಉಪಯೋಗಕ್ಕೆ ಬರುವಷ್ಟು ಸರಿ ಇರುತ್ತದೆ.

ಎಷ್ಟು ಸರಿ? ಅಂದಾಜಿಗೂ ಗದ್ದೆಯಲ್ಲಿ ಬಂದ ಇಳುವರಿಗೂ ಇರುವ ಹೊಂದಾಣಿಕೆಯನ್ನು, ಅಂದರೆ ನಿಖರತೆಯನ್ನು, 0ಯಿಂದ 1ರ ನಡುವೆ ಅಳೆಯುತ್ತಾರೆ. ಗೋಧಿಯ ಇಳುವರಿಗೆ ಸಾಮಾನ್ಯವಾಗಿ 0.3ರಿಂದ 0.6 ಸಿಗುತ್ತದೆ. ಇಷ್ಟೇನಾ ಎಂದು ಅನ್ನಿಸಬಹುದು. ಒಂದು ಮಾದರಿ ಲೆಕ್ಕ ಮಾಡೋಣ. ಗದ್ದೆಯಲ್ಲಿ ಪೂರ್ತಿ ಪರೀಕ್ಷೆ ಮಾಡಿ ಆರಿಸಿದರೆ ನಿಖರತೆ 0.7, ಒಂದು ಸಂಕರದಿಂದ ಮುಂದಿನ ಸಂಕರದವರೆಗಿನ ಒಂದು ಸುತ್ತಿಗೆ 5 ವರ್ಷ ಎಂದುಕೊಳ್ಳಿ. ಒಂದು ಸುತ್ತಿನಲ್ಲಿ ಸಿಗುವ ಸುಧಾರಣೆ ನಿಖರತೆಗೆ ತಕ್ಕಂತೆ ಇರುತ್ತದೆ, ಹಾಗಾಗಿ 0.7ನ್ನು 5ರಿಂದ ಭಾಗಿಸಿದರೆ ವರ್ಷಕ್ಕೆ ಬರುವುದು 0.14. ಡಿಎನ್‌ಎ ನೋಡಿ ಆರಿಸಿದರೆ ನಿಖರತೆ 0.4 ಮಾತ್ರ, ಆದರೆ ಸುತ್ತು 2 ವರ್ಷಕ್ಕೆ ಮುಗಿಯುತ್ತದೆ. ವರ್ಷಕ್ಕೆ 0.20. ಕಡಿಮೆ ನಿಖರತೆಯೇ ಹೆಚ್ಚು ದೂರ ಕರೆದೊಯ್ಯುತ್ತದೆ.

ಈ ವೇಗದ ಗುಣವನ್ನು ಮೊದಲು ಹಿಡಿದವರು ಹೈನುಗಾರಿಕೆಯವರು. ಹೋರಿ ಹಾಲು ಕೊಡುವುದಿಲ್ಲ, ಅದರ ಹೆಣ್ಣು ಕರುಗಳು ದೊಡ್ಡವಾಗಿ ಹಾಲು ಕೊಡುವವರೆಗೆ ವರ್ಷಗಟ್ಟಲೆ ಕಾಯಬೇಕಿತ್ತು. ಅಮೆರಿಕದಲ್ಲಿ 2009ರಿಂದ ಹೋಲ್‌ಸ್ಟೀನ್ ಹೋರಿಗಳನ್ನು ಕರುವಾಗಿದ್ದಾಗಲೇ ಡಿಎನ್‌ಎ ಅಂಕದಿಂದ ಆರಿಸಲು ಶುರುಮಾಡಿದರು. ನಮ್ಮಲ್ಲೂ ದೇಸಿ ದನಗಳ ಡಿಎನ್‌ಎ ಓದಲು ಗೌ ಚಿಪ್, ಎಮ್ಮೆಗಳದ್ದಕ್ಕೆ ಮಹಿಷ್ ಚಿಪ್ 2024ರ ಅಕ್ಟೋಬರಿನಲ್ಲಿ ಬಂದಿವೆ.

ಗೋಧಿಗೆ ಬರಲು ತಡವಾಯಿತು. ಗೋಧಿಯ ಡಿಎನ್‌ಎ ಬಲು ದೊಡ್ಡದು. ಭತ್ತದ್ದು ಸುಮಾರು 40 ಕೋಟಿ ಅಕ್ಷರ, ಮನುಷ್ಯನದ್ದು 300 ಕೋಟಿ, ರೊಟ್ಟಿ ಗೋಧಿಯದ್ದು ಸುಮಾರು 1,600 ಕೋಟಿ. ಮೂರು ಬೇರೆ ಬೇರೆ ಹುಲ್ಲುಗಳ ಡಿಎನ್‌ಎ ಅದರಲ್ಲಿ ಒಟ್ಟಿಗಿದೆ, ಕ್ರೋಮೋಸೋಮು 42. ಧಾರವಾಡ, ಬೆಳಗಾವಿ ಕಡೆಯ ಜವೆ ಗೋಧಿಯಲ್ಲಿ ಎರಡರದ್ದೇ ಇರುವುದು, 28 ಕ್ರೋಮೋಸೋಮು. ರೊಟ್ಟಿ ಗೋಧಿಯ ಪೂರ್ತಿ ನಕಾಶೆ ಪ್ರಕಟವಾದದ್ದು 2018ರಲ್ಲಿ. ಭತ್ತದ್ದು 2005ರಲ್ಲೇ ಸಿಕ್ಕಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ: ಪ್ರತಿ ವರ್ಷ ಒಂದೇ ಥರ ಬರುವ ಗೋಧಿ.

ಸ್ಥಿರತೆ ಎಂದರೆ ಏನು ಎಂಬುದರಲ್ಲೇ ಜನ ಎಡವುತ್ತಾರೆ. ಎಲ್ಲ ಕಡೆ, ಎಲ್ಲ ವರ್ಷ ಎಕರೆಗೆ ಅಷ್ಟೇ ಕಡಿಮೆ ಕೊಡುವ ತಳಿಯೂ ಲೆಕ್ಕದಲ್ಲಿ ಸ್ಥಿರವೇ. ಅದು ಯಾರಿಗೆ ಬೇಕು? ರೈತನಿಗೆ ಬೇಕಾದದ್ದು ಒಳ್ಳೆಯ ವರ್ಷದಲ್ಲಿ ಚೆನ್ನಾಗಿ ಕೊಟ್ಟು, ಕೆಟ್ಟ ವರ್ಷದಲ್ಲಿ ಕೈಬಿಡದ ತಳಿ. ಇದನ್ನು ಅಳೆಯುವ ಕ್ರಮವನ್ನು 1963ರಲ್ಲಿ ಆಸ್ಟ್ರೇಲಿಯಾದಲ್ಲಿ ಫಿನ್ಲೇ ಮತ್ತು ವಿಲ್ಕಿನ್‌ಸನ್ ಬಾರ್ಲಿ ಬೆಳೆಯ ಮೇಲೆ ಮಾಡಿ ತೋರಿಸಿದರು. ಒಂದು ಊರಿನಲ್ಲಿ ಎಲ್ಲ ತಳಿಗಳ ಸರಾಸರಿ ಇಳುವರಿ ಆ ಊರು ಎಷ್ಟು ಒಳ್ಳೆಯದು ಎಂದು ಹೇಳುತ್ತದೆ. ಊರು ಒಳ್ಳೆಯದಾದಂತೆ ಒಂದು ತಳಿಯ ಇಳುವರಿ ಎಷ್ಟು ಏರುತ್ತದೆ ಎಂದು ಗೆರೆ ಎಳೆದರೆ ಅದರ ಸ್ವಭಾವ ಕಾಣುತ್ತದೆ. ಗೆರೆ ಬಹಳ ಕಡಿದಾಗಿದ್ದರೆ ಅದು ಅನುಕೂಲವಿದ್ದಾಗ ಮಾತ್ರ ಕೊಡುವ ತಳಿ.

ನಮ್ಮ ಕರಾವಳಿಯವರಿಗೆ ಇದು ಹೊಸ ಮಾತಲ್ಲ. ತಗ್ಗಿನ ಬೈಲು ಗದ್ದೆಯಲ್ಲಿ ಚೆನ್ನಾಗಿ ಬಂದ ಭತ್ತ ಎತ್ತರದ ಬೆಟ್ಟು ಗದ್ದೆಯಲ್ಲಿ ಸೊರಗುತ್ತದೆ. ಮಳೆಗಾಲದ ಬೆಳೆಯಾದ ಏಣೇಲಿಗೆ ಹೊಂದಿದ್ದು ಬೇಸಿಗೆಯ ಕೊಳಕೆಗೆ ಹೊಂದುವುದಿಲ್ಲ. ತಳಿ ಮತ್ತು ಜಾಗ ಸೇರಿ ಇಳುವರಿ ಆಗುತ್ತದೆ ಎಂಬುದನ್ನು ಹಿರಿಯರು ಗದ್ದೆಗೆ ಬೇರೆ ಬೇರೆ ಹೆಸರಿಟ್ಟು ಬಳಸುತ್ತಲೇ ಬಂದಿದ್ದಾರೆ.

ಸ್ಥಿರತೆಯನ್ನು ಅಳೆಯುವುದು ಇಳುವರಿ ಅಳೆಯುವುದಕ್ಕಿಂತ ಕಷ್ಟ. ಇಳುವರಿಯ ಸರಾಸರಿ ನಾಲ್ಕು ಊರಿನಲ್ಲಿ ಗೊತ್ತಾದೀತು. ಏರಿಳಿತ ಗೊತ್ತಾಗಬೇಕಾದರೆ ಅದಕ್ಕಿಂತ ತುಂಬಾ ಹೆಚ್ಚು ಊರು, ಹೆಚ್ಚು ವರ್ಷ ಬೇಕು. ಜೀನೋಮಿಕ್ ಸೆಲೆಕ್ಷನ್‌ನ ನಿಜವಾದ ಬಲ ನನಗೆ ಕಾಣುವುದು ಇಲ್ಲಿ. ವೇಗಕ್ಕಿಂತಲೂ ಇದೇ ದೊಡ್ಡದು ಎಂದು ನನ್ನ ಅಭಿಪ್ರಾಯ.

ನೋಡಿ, ನಿಮ್ಮಲ್ಲಿ 300 ಸಾಲುಗಳಿವೆ, 6 ಊರುಗಳಿವೆ. ಎಲ್ಲವನ್ನೂ ಎಲ್ಲ ಕಡೆ ಹಾಕಿದರೆ 1,800 ತಾಕು. ದುಡ್ಡಿಲ್ಲ. ಅದರ ಬದಲು ಒಂದೊಂದು ಸಾಲನ್ನು ಎರಡೇ ಊರಿನಲ್ಲಿ ಹಾಕಿದರೆ 600 ತಾಕು ಸಾಕು, ಊರಿಗೆ 100. ಹಳೆಯ ಲೆಕ್ಕದಲ್ಲಿ ಇದು ಅರೆಬರೆ ಪ್ರಯೋಗ, ಒಂದು ಸಾಲಿನ ಬಗ್ಗೆ ಎರಡು ಊರಿಗಿಂತ ಹೆಚ್ಚು ಗೊತ್ತಾಗುವುದಿಲ್ಲ. ಆದರೆ ಮಾರ್ಕರ್ ಓದಿದ್ದರೆ ಕಥೆ ಬದಲಾಗುತ್ತದೆ. ಒಂದು ಮಾರ್ಕರಿನ ಒಂದು ರೂಪ ಅರ್ಧ ಸಾಲುಗಳಲ್ಲಿ ಇದೆ ಎಂದರೆ, ಪ್ರತಿ ಊರಿನ 100 ಸಾಲುಗಳಲ್ಲಿ ಸುಮಾರು 50ರಲ್ಲಿ ಅದು ಇರುತ್ತದೆ. ಸಾಲು ಎರಡೇ ಊರು ನೋಡಿದ್ದರೂ ಡಿಎನ್‌ಎಯ ಆ ತುಂಡು ಆರೂ ಊರುಗಳನ್ನು, ಪ್ರತಿ ಊರಿನಲ್ಲಿ ಐವತ್ತು ಸಲ, ನೋಡಿ ಬಂದಿದೆ. ಆ ತುಂಡು ಎಲ್ಲಿ ನೆರವಾಯಿತು, ಎಲ್ಲಿ ಕೈಕೊಟ್ಟಿತು ಎಂದು ಹೇಳಬಹುದು. ಲುಧಿಯಾನದ ಉದ್ದ ಚಳಿಯಲ್ಲಿ ಇಳುವರಿ ಹೆಚ್ಚಿಸಿ ಜಬಲ್ಪುರದ ಸೆಕೆಯಲ್ಲಿ ಕಡಿಮೆ ಮಾಡುವ ತುಂಡು ಯಾವುದು, ಎರಡೂ ಕಡೆ ಸ್ವಲ್ಪ ಸ್ವಲ್ಪ ಕೊಡುವುದು ಯಾವುದು ಎಂದು ಬೇರೆ ಮಾಡಬಹುದು.

ಈ ಎರಡು ಊರು ಸುಮ್ನೆ ಹೇಳಿದ್ದಲ್ಲ. ಬೋರ್ಲಾಗ್ ಇನ್‌ಸ್ಟಿಟ್ಯೂಟ್ ಫಾರ್ ಸೌತ್ ಏಷ್ಯಾ ಸಂಸ್ಥೆಯ ಪ್ರಯೋಗ ಹೊಲಗಳು ಲುಧಿಯಾನ, ಜಬಲ್ಪುರ ಮತ್ತು ಬಿಹಾರದ ಪೂಸಾದಲ್ಲಿವೆ. ಹಸಿರು ಕ್ರಾಂತಿಯ ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ಮಾಡಿದ್ದೂ ಇದೇ ಬಗೆಯ ಕೆಲಸ. ಉತ್ತರದ ಸೊನೋರಾದ ಬಯಲಿನಲ್ಲಿ ಒಂದು ಬೆಳೆ, ಟೊಲುಕಾದ ಎತ್ತರದ ತಂಪಿನಲ್ಲಿ ಇನ್ನೊಂದು ಬೆಳೆ ತೆಗೆದು, ಎರಡೂ ಕಡೆ ಬದುಕಿದ್ದನ್ನು ಇಟ್ಟುಕೊಂಡರು. ಆ ಗೋಧಿ ಇಷ್ಟು ದೇಶಗಳಲ್ಲಿ ಹೊಂದಿಕೊಂಡದ್ದಕ್ಕೆ ಅದೂ ಒಂದು ಕಾರಣ. 1966ರಲ್ಲಿ ಭಾರತ 18,000 ಟನ್ ಮೆಕ್ಸಿಕನ್ ಗೋಧಿ ಬೀಜ ತರಿಸಿತು.

ಸ್ಥಿರತೆ ಎಷ್ಟು ಅವಸರದ ವಿಷಯ ಎಂದು 2022 ತೋರಿಸಿತು. ಆ ವರ್ಷದ ಮಾರ್ಚ್, ದೇಶದಲ್ಲಿ 1901ರಿಂದ ದಾಖಲೆ ಇಟ್ಟ ಮೇಲೆ ಅತಿ ಬಿಸಿಯ ಮಾರ್ಚ್. ಗೋಧಿ ಕಾಳು ಕಟ್ಟುವ ಹೊತ್ತಿಗೆ ಸೆಕೆ ಬಡಿಯಿತು. ಕಾಳು ಸುಕ್ಕಿತು, ಇಳುವರಿ ಇಳಿಯಿತು, ಮೇ 13ರಂದು ಸರ್ಕಾರ ಗೋಧಿ ರಫ್ತು ನಿಲ್ಲಿಸಿತು.

ನಿಮ್ಮ ಹಿಟ್ಟಿನ ತೊಂದರೆಗೂ ಇದಕ್ಕೂ ನಂಟಿದೆ. ಕಾಳು ಕಟ್ಟುವಾಗ ಸೆಕೆ ಜಾಸ್ತಿಯಾದರೆ ಪಿಷ್ಟ ತುಂಬುವುದು ಬೇಗ ನಿಲ್ಲುತ್ತದೆ. ಪ್ರೋಟೀನು ಅಷ್ಟು ಕಡಿಮೆಯಾಗುವುದಿಲ್ಲ. ಹಾಗಾಗಿ ಕಾಳಿನಲ್ಲಿ ಪ್ರೋಟೀನಿನ ಪಾಲು ಏರುತ್ತದೆ, ಅಂಟಿನ (ಗ್ಲುಟೆನ್) ಗುಣವೂ ಬದಲಾಗುತ್ತದೆ. ಹಿಟ್ಟು ನೀರು ಎಳೆಯುವುದು ಬೇರೆಯಾಗುತ್ತದೆ. ಇದರ ಮೇಲೆ ಗಿರಣಿಯವರು ಬೇರೆ ಬೇರೆ ಕಡೆಯ ಗೋಧಿ ಬೆರೆಸುವುದೂ ಇದೆ. ತಳಿಯೂ ಕಾರಣವೇ. ಸಿ 306 ಎಂಬ ಹಳೆಯ ತಳಿಯನ್ನು ಚಪಾತಿಯ ಗುಣಕ್ಕೆ ಇವತ್ತಿಗೂ ಮಾದರಿಯಾಗಿ ಇಟ್ಟು ಹೋಲಿಸುತ್ತಾರೆ. ಇಳುವರಿ ಕಡಿಮೆ ಎಂದು ರೈತರು ಅದನ್ನು ಬಿಟ್ಟರು.

ಹಿಟ್ಟಿನ ಗುಣಕ್ಕೆ ಜೀನೋಮಿಕ್ ಸೆಲೆಕ್ಷನ್ ಇಳುವರಿಗಿಂತ ಚೆನ್ನಾಗಿ ಒಗ್ಗುತ್ತದೆ. ಬೀಸಿ, ನಾದಿ, ಬೇಯಿಸಿ ನೋಡಲು ತಕ್ಕಷ್ಟು ಕಾಳು ಬೇಕು, ಸಂಕರದ ಮೊದಲ ತಲೆಮಾರುಗಳಲ್ಲಿ ಅಷ್ಟು ಇರುವುದಿಲ್ಲ. ಹಾಗಾಗಿ ಈ ಪರೀಕ್ಷೆಯನ್ನು ಕೊನೆಗೆ ಮಾಡುತ್ತಾರೆ. ಇಳುವರಿಗಾಗಿ ಆರಿಸಿ ಆರಿಸಿ ಕೊನೆಗೆ ಉಳಿದದ್ದರ ಚಪಾತಿ ರಬ್ಬರಿನಂತಾದರೆ ಮಾಡುವುದೇನು? ಸಸಿಯ ಎಲೆಯಿಂದಲೇ ಅಂದಾಜು ಸಿಕ್ಕರೆ ಎರಡನ್ನೂ ಒಟ್ಟಿಗೆ ಆರಿಸಿಕೊಂಡು ಬರಬಹುದು. ಅಂಟಿನ ಗುಣದ ಮೇಲೆ ಕೆಲವು ದೊಡ್ಡ ಜೀನ್‌ಗಳ ಹಿಡಿತ ಇರುವುದರಿಂದ ಅಂದಾಜೂ ಸಾಮಾನ್ಯವಾಗಿ ಹೆಚ್ಚು ನಿಖರ. ಅಂದ ಮಾತ್ರಕ್ಕೆ ಸೆಕೆಯ ವರ್ಷಕ್ಕೂ ತಂಪಿನ ವರ್ಷಕ್ಕೂ ಹಿಟ್ಟು ಪೂರ್ತಿ ಒಂದೇ ಆಗುವುದಿಲ್ಲ. ವ್ಯತ್ಯಾಸ ಕಡಿಮೆಯಾಗುತ್ತದೆ. ಸದ್ಯಕ್ಕೆ ನೀವು ಮಾಡಬಹುದಾದದ್ದು ಒಂದಿದೆ. ಹೊಸ ಲೋಡು ಬಂದಾಗ 100 ಗ್ರಾಂ ಹಿಟ್ಟು ನಾದಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಪಿಷ್ಟ ಹೋಗುವವರೆಗೆ ತೊಳೆಯಿರಿ. ಉಳಿದ ಹಸಿ ಅಂಟನ್ನು ತೂಗಿ ಬರೆದಿಡಿ. ಹಿಂದಿನ ಲೋಡಿಗಿಂತ ಜಾಸ್ತಿ ಬಂದರೆ ನೀರು ಸ್ವಲ್ಪ ಹೆಚ್ಚಿಸಿ, ನಾದಿದ ಮೇಲೆ ಹೆಚ್ಚು ಹೊತ್ತು ಬಿಡಿ.

ಈ ವಿಧಾನ ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ಪತ್ರಿಕೆಗಳಲ್ಲಿ ಆ ಭಾಗ ಬರುವುದಿಲ್ಲ. ಕಂಪ್ಯೂಟರಿನ ಮಾದರಿ ತಾನು ಕಂಡ ಗದ್ದೆಗಳನ್ನು ಮಾತ್ರ ಬಲ್ಲದು. ಪಂಜಾಬಿನ ಲೆಕ್ಕದಲ್ಲಿ ಕಲಿತದ್ದು ಧಾರವಾಡದ ಪುಟ್ಟ ಚಳಿಗಾಲಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಹೊಸ ರೋಗವಂತೂ ಅದಕ್ಕೆ ಕಾಣುವುದೇ ಇಲ್ಲ. ನಿಮ್ಮ ಭತ್ತಕ್ಕೆ ಬೆಂಕಿ ರೋಗ ತರುವ ಶಿಲೀಂಧ್ರದ ಇನ್ನೊಂದು ಕವಲು ದಕ್ಷಿಣ ಅಮೆರಿಕದಲ್ಲಿ ಗೋಧಿಗೆ ಬಿದ್ದಿತ್ತು. 1985ರಲ್ಲಿ ಬ್ರೆಜಿಲ್‌ನಲ್ಲಿ ಮೊದಲು ಕಂಡ ಅದು 2016ರಲ್ಲಿ ಬಾಂಗ್ಲಾದೇಶಕ್ಕೆ ಬಂತು. ಅದಕ್ಕಿಂತ ಹಿಂದಿನ ಇಳುವರಿ ಲೆಕ್ಕದಿಂದ ಕಲಿತ ಯಾವ ಮಾದರಿಗೂ ಬಾಂಗ್ಲಾದೇಶದಲ್ಲಿ ಯಾವ ಸಾಲು ಬದುಕುತ್ತದೆ ಎಂದು ಹೇಳಲು ಆಗುತ್ತಿರಲಿಲ್ಲ. ಕಾಡು ಹುಲ್ಲೊಂದರಿಂದ ಗೋಧಿಗೆ ಬಂದಿದ್ದ ಡಿಎನ್‌ಎಯ ಒಂದು ದೊಡ್ಡ ತುಂಡು ಆ ರೋಗವನ್ನು ತಡೆಯುತ್ತದೆ ಎಂದು ತಿಳಿದದ್ದು ರೋಗವಿರುವ ಕಡೆ ಗಿಡ ಬೆಳೆಸಿ ನೋಡಿದ್ದರಿಂದ. ಇನ್ನೊಂದು ಅಪಾಯ, ಅಂಕ ಹೆಚ್ಚಿರುವ ಸಸಿಗಳು ಹೆಚ್ಚಾಗಿ ಒಂದೇ ಕುಟುಂಬದವು. ಅವನ್ನೇ ಮತ್ತೆ ಮತ್ತೆ ಸಂಕರ ಮಾಡಿದರೆ ಕೆಲವೇ ಸುತ್ತಿನಲ್ಲಿ ವೈವಿಧ್ಯ ಬರಿದಾಗುತ್ತದೆ. ಪ್ರತಿ ಸಂಕರದಲ್ಲೂ ಡಿಎನ್‌ಎ ಕಲಸಿಕೊಳ್ಳುವುದರಿಂದ ಮಾರ್ಕರಿಗೂ ಜೀನಿಗೂ ಇದ್ದ ಜೋಡಿ ಸಡಿಲವಾಗುತ್ತದೆ, ಹಳೆಯ ಬೆಲೆಗಳು ಹಳಸುತ್ತವೆ. ಮತ್ತೆ ಗದ್ದೆಗೆ ಇಳಿದು, ಅಳೆದು, ಹೊಸದಾಗಿ ಲೆಕ್ಕ ಹಾಕಬೇಕು. ಡಿಎನ್‌ಎ ಬಂತು, ಇನ್ನು ಪ್ರಯೋಗ ಹೊಲಗಳಿಗೆ ದುಡ್ಡು ಕಡಿತ ಮಾಡಬಹುದು ಎಂದು ಯಾರಾದರೂ ಹೇಳಿದರೆ ಅದನ್ನು ಗಟ್ಟಿಯಾಗಿ ವಿರೋಧಿಸಬೇಕು.

ಭತ್ತಕ್ಕೆ ಮಾಡಬಹುದಾ ಎಂದರೆ, ಖಂಡಿತ ಮಾಡಬಹುದು. ಗೋಧಿಗಿಂತ ಸುಲಭ ಕೂಡ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಸಾಲುಗಳ ಮೇಲೆ ಇದು ಕೆಲಸ ಮಾಡುತ್ತದೆ ಎಂದು 2015ರಲ್ಲೇ ತೋರಿಸಿದ್ದಾರೆ. ನಮ್ಮ ಕರಾವಳಿಗೆ ಇದು ಹೇಳಿ ಮಾಡಿಸಿದ ಜಾಗ. ಬೈಲು, ನಡುಮಟ್ಟದ ಮಜಲು, ಬೆಟ್ಟು ಎಂದು ಮೂರು ಬಗೆ ಗದ್ದೆ, ಏಣೇಲು, ಅದರ ನಂತರದ ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಹೊಳೆ ಬದಿಯಲ್ಲಿ ನೆರೆ, ಅಳಿವೆ ಹತ್ತಿರ ಉಪ್ಪುನೀರು. ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟು ಬಗೆ ಸಿಗುವುದು ಅಪರೂಪ. ಕೇರಳದ ಮೊಂಕೊಂಬಿನಿಂದ ಬಂದ ಎಂಒ 4 ಇಲ್ಲಿ ಊರಿದ್ದು ಅದರ ಕೆಂಪು ಕುಚ್ಚಲಕ್ಕಿ ನಮ್ಮವರ ಬಾಯಿಗೆ ಹಿಡಿಸಿದ್ದರಿಂದ. ಅದರ ಜಾಗಕ್ಕೆ ಬರುವ ತಳಿಗೂ ಅದೇ ಬಣ್ಣ, ಅದೇ ಅನ್ನ ಬೇಕು, ಜೊತೆಗೆ ನೆರೆ ತಡೆಯುವ ಗುಣವೂ ಬೇಕು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು ಸಹ್ಯಾದ್ರಿ ಕೆಂಪುಮುಕ್ತಿಯಂಥ ಕೆಂಪಕ್ಕಿ ತಳಿ ಕೊಟ್ಟಿದ್ದಾರೆ. ಆ ಕೆಲಸಕ್ಕೆ ಡಿಎನ್‌ಎ ಲೆಕ್ಕ ಸೇರಬೇಕು ಎಂದು ನನ್ನ ಆಸೆ. ಡಿಎನ್‌ಎ ಓದುವ ಖರ್ಚು ಈಗ ಮೊದಲಿನಷ್ಟಿಲ್ಲ. ಹೆಚ್ಚು ಕಷ್ಟ ಇರುವುದು ಬೇರೆ ಬೇರೆ ಗದ್ದೆಗಳಲ್ಲಿ, ಒಂದೇ ಕ್ರಮದಲ್ಲಿ, ವರ್ಷ ಬಿಡದೆ ಅಳೆದ ಇಳುವರಿ ಲೆಕ್ಕ ಕೂಡಿಸುವುದರಲ್ಲಿ.

ಅಲ್ಲಿ ನಿಮ್ಮಂಥವರು ಬೇಕು. ಉಡುಪಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಬ್ರಹ್ಮಾವರದಲ್ಲೇ ಇದೆ, ದಕ್ಷಿಣ ಕನ್ನಡದ್ದು ಮಂಗಳೂರಿನ ಕಂಕನಾಡಿಯಲ್ಲಿದೆ. ಹೊಸ ತಳಿಯ ಪ್ರಯೋಗಕ್ಕೆ ಗದ್ದೆಯ ಒಂದು ಮೂಲೆ ಕೊಡುತ್ತೇನೆ ಎಂದು ಏಣೇಲಿಗೆ ಮೊದಲೇ ಅವರಿಗೆ ಹೇಳಿಡಿ. ಎಂಒ 4 ಪಕ್ಕದಲ್ಲೇ ಹೊಸದನ್ನು ಹಾಕಿ, ಎರಡಕ್ಕೂ ಒಂದೇ ದಿನ ನಾಟಿ, ಒಂದೇ ಗೊಬ್ಬರ. ನಾಟಿ ಮಾಡಿದ ದಿನ, ಹೂ ಬಂದ ದಿನ, ನೀರು ಎಷ್ಟು ದಿನ ನಿಂತಿತು, ಬೆಂಕಿ ರೋಗ ಬಂತಾ, ಕೊಯ್ದ ಮೇಲೆ ಒಣಗಿದ ಭತ್ತ ಎಷ್ಟು ತೂಗಿತು, ಇಷ್ಟು ಬರೆದಿಡಿ. ಬೆಳೆ ಹಾಳಾದ ವರ್ಷವೂ ತಪ್ಪದೆ ಬರೆಯಿರಿ. ಸ್ಥಿರತೆಯ ಲೆಕ್ಕಕ್ಕೆ ಆ ವರ್ಷದ ಅಂಕಿ ಇಲ್ಲದೆ ಆಗುವುದಿಲ್ಲ.